ಎಡಗಡೆಯ ಕನ್ನಡಿ

ಸೈನ್ಯದ ವಾಹನಗಳ ಪುಟ್ಟ ಮಾದರಿ ಕಟ್ಟುವವರ ಲೋಕದಲ್ಲಿ 1:35 ಎಂಬ ಸಂಖ್ಯೆಗೆ ಹೆಚ್ಚುಕಡಿಮೆ ಗೋತ್ರದ ಸ್ಥಾನವಿದೆ. ವಿಮಾನದವರು 1:72 ಅಥವಾ 1:48, ಹಡಗಿನವರು 1:350 ಅಥವಾ 1:700, ಟ್ಯಾಂಕು-ಲಾರಿಗಳವರು 1:35. 72ಕ್ಕೆ ಒಂದು ಲೆಕ್ಕವಿದೆ, ಆರಡಿಯ ಮನುಷ್ಯ ಒಂದಿಂಚಿಗೆ ಇಳಿಯುತ್ತಾನೆ. 35ಕ್ಕೆ ಅಂಥ ಯಾವ ಲೆಕ್ಕವೂ ಇಲ್ಲ. ಜಪಾನಿನ ಶಿಜುವೊಕಾದ ತಾಮಿಯಾ ಕಂಪನಿ 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಹೊರತಂದಾಗ ಅದು ಓಡುವ ಆಟಿಕೆಯೂ ಆಗಬೇಕಿತ್ತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕು, ಅವು ಹಿಡಿಸುವಷ್ಟು ಅಗಲಕ್ಕೆ ಟ್ಯಾಂಕಿನ ಒಡಲನ್ನು ಮಾಡಿದರು. ಆಮೇಲೆ ಅಳೆದು ನೋಡಿದರೆ ಮೂಲದ ಸುಮಾರು 35ನೇ ಒಂದು ಭಾಗ. ಆ ಬ್ಯಾಟರಿಯ ಗಾತ್ರವೇ ಇವತ್ತು ಜಗತ್ತಿನ ಟ್ಯಾಂಕು ಮಾದರಿಗಳ ಅಳತೆಯಾಗಿ ನಿಂತಿದೆ. ಭಾಷೆಯ ಬಹಳಷ್ಟು ನಿಯಮಗಳು ಹುಟ್ಟುವುದೂ ಹೀಗೆಯೇ ಅನ್ನಿ.

ಅದೇ ಕಂಪನಿಯ ಶುನ್‌ಸಾಕು ತಾಮಿಯಾ 60ರ ದಶಕದಲ್ಲಿ ಅಮೆರಿಕದ ಅಬರ್ಡೀನ್‌ನ ಸೇನಾ ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ಬಯಲಲ್ಲಿ ನಿಲ್ಲಿಸಿದ್ದ ಟ್ಯಾಂಕುಗಳನ್ನು ಅಳೆದು, ಫೋಟೋ ತೆಗೆದುಕೊಂಡು ಬಂದರು. ಒಂದು ಪೋರ್ಷೆ ಕಾರಿನ ಮಾದರಿಗಾಗಿ ನಿಜವಾದ ಕಾರನ್ನೇ ಕೊಂಡು ಬಿಚ್ಚಿ ಹಾಕಿದವರು ಅವರು. ಈ ಹವ್ಯಾಸದ ಶ್ರದ್ಧೆ ಎಂಥದ್ದು ಎನ್ನುವುದಕ್ಕೆ ಇಷ್ಟು ಸಾಕು. ಡಬ್ಬಿಯಲ್ಲಿ ಬರುವ ಬಿಡಿಭಾಗಗಳನ್ನು ಅಂಟಿಸಿ ಬಣ್ಣ ಬಳಿಯುವುದು ಇದರ ಮೊದಲ ಮೆಟ್ಟಿಲು ಮಾತ್ರ. ಎರಡನೆಯ ಮೆಟ್ಟಿಲಲ್ಲಿ ಜನ ರಿವೆಟ್ ಎಣಿಸಲು ತೊಡಗುತ್ತಾರೆ. ಅಲ್ಲಿಂದ ಹಿಂದಕ್ಕೆ ಬಂದವರು ಕಡಿಮೆ.

ಮಟ್ಟಾಂಚೇರಿಯ ಬಜಾರ್ ರಸ್ತೆಯ ಹಿಂದಿನ ಓಣಿಯೊಂದರ ಮಹಡಿಯ ಕೋಣೆಯಲ್ಲಿ ಅಂಥ ಒಬ್ಬನಿದ್ದಾನೆ. ಊರು ಕಾಸರಗೋಡಿನ ಬದಿಯಡ್ಕದ ಕಡೆ, ಮನೆಮಾತು ಕನ್ನಡ, ಕೆಲಸ ಸಾಂಬಾರ ಪದಾರ್ಥಗಳ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವುದು. ಕಿಟಕಿ ತೆರೆದರೆ ಒಣಶುಂಠಿಯ ಘಾಟು, ಅದರ ಹಿಂದೆಯೇ ದೂಳು. ಹಸಿ ಬಣ್ಣದ ಮೇಲೆ ಆ ದೂಳು ಕೂತರೆ ಕೆಲಸ ಕೆಟ್ಟಂತೆ. ಕಿಟಕಿ ಮುಚ್ಚಿದರೆ ತಿನ್ನರ್ ವಾಸನೆಗೆ ತಲೆ ಸುತ್ತುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಲ್ಯಾಕರ್ ಸಿಂಪಡಿಸಿದರೆ ಅದು ಆರುವಾಗ ನೀರಿನ ಪಸೆ ಹಿಡಿದು ಬೆಳ್ಳಗೆ ಮಂಕಾಗುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು. ಬಣ್ಣವೇನಿದ್ದರೂ ತುಲಾ ತಿಂಗಳ ಮಳೆ ನಿಂತ ಮೇಲೆ. ಕೃಷಿಯ ಹಾಗೆ ಇದಕ್ಕೂ ಒಂದು ಪಂಚಾಂಗ.

ತಿಂಗಳಿಗೊಂದು ಭಾನುವಾರ ಎರ್ನಾಕುಲಂನ ಒಂದು ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ. ಅದಕ್ಕೆ ಹೆಸರಿಲ್ಲ, ನೋಂದಣಿಯಿಲ್ಲ, ಕ್ಲಬ್ ಎನ್ನುತ್ತಾರೆ ಅಷ್ಟೆ. ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ಹಡಗು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಫೋರ್ಟ್ ಕೊಚ್ಚಿಯ ನೌಕಾಪಡೆ ಮ್ಯೂಸಿಯಮ್ಮಿನಲ್ಲಿ ಗಾಜಿನೊಳಗಿಟ್ಟ ಹಡಗುಗಳ ತಪ್ಪು ಹುಡುಕುವುದು ಅವರ ಸಂಜೆಯ ವಿಹಾರ. ಹಲ್ಲಿನ ವೈದ್ಯರೊಬ್ಬರಿದ್ದಾರೆ. ಅವರ ಹಳೆಯ ಸಲಕರಣೆಗಳು ಕ್ಲಬ್ಬಿನ ಎಲ್ಲರ ಮೇಜಿನ ಮೇಲೂ ಇವೆ, ಹಲ್ಲು ಕೆರೆಯುವ ಕೊಕ್ಕೆಯಷ್ಟು ಚೆನ್ನಾಗಿ ಪ್ಲಾಸ್ಟಿಕ್ಕಿನ ಗೆರೆ ಕೊರೆಯುವ ಸಾಧನ ಇನ್ನೊಂದಿಲ್ಲ. ಕಾಲೇಜು ಹುಡುಗರು ಜಪಾನಿ ರೋಬೋ ಕಟ್ಟಿ ತರುತ್ತಾರೆ. ಹಿರಿಯರು ಅದನ್ನು ನೋಡಿ ಮೂಗು ಮುರಿದು, ಬಣ್ಣ ಹೇಗೆ ಬಳಿದೆ ಎಂದು ಮೆಲ್ಲಗೆ ಕೇಳುತ್ತಾರೆ.

ಮಲಯಾಳದಲ್ಲಿ ಇಂಥ ಮಾದರಿಗೆ ‘ಮಾತೃಕ’ ಎನ್ನುತ್ತಾರೆ. ಕನ್ನಡದ ಕಿವಿಗೆ ಇದು ತಲೆಕೆಳಗಾಗಿ ಕೇಳುತ್ತದೆ. ನಮ್ಮ ಹಸ್ತಪ್ರತಿ ಪಂಡಿತರಿಗೆ ಮಾತೃಕೆ ಎಂದರೆ ಮೂಲ ಪ್ರತಿ, ಯಾವುದರಿಂದ ನಕಲು ತೆಗೆಯುತ್ತಾರೋ ಅದು. ಕನ್ನಡದ ‘ಮಾದರಿ’ಯೂ ಎರಡು ದೋಣಿಯಲ್ಲಿ ಕಾಲಿಟ್ಟ ಪದವೇ. ಮಾದರಿ ಶಾಲೆ ಎಂದರೆ ಬೇರೆಯವು ಅನುಸರಿಸಬೇಕಾದದ್ದು, ಮಾದರಿ ಲಾರಿ ಎಂದರೆ ಲಾರಿಯನ್ನು ಅನುಸರಿಸಿದ್ದು. ಯಾವುದು ಮೂಲ, ಯಾವುದು ಪ್ರತಿ ಎಂಬ ಗೊಂದಲ ಪದದೊಳಗೇ ಇದೆ. ಮಟ್ಟಾಂಚೇರಿಯವನಿಗೆ ಈ ಗೊಂದಲ ಮುಂದೆ ಕೈಕೆಲಸದಲ್ಲೇ ಎದುರಾಯಿತು.

ಹನ್ನೆರಡು ವರ್ಷ ಅವನು ಎಲ್ಲರಂತೆ ಜರ್ಮನಿಯ ಟ್ಯಾಂಕುಗಳನ್ನೇ ಕಟ್ಟಿದ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅವೇ: ಟೈಗರ್, ಪ್ಯಾಂಥರ್, ಮತ್ತೆ ಟೈಗರ್. ಸೋತ ಸೈನ್ಯವೊಂದರ ಯಂತ್ರಗಳು ಎಂಬತ್ತು ವರ್ಷದ ನಂತರ ಇಷ್ಟು ಜನರ ಕಪಾಟು ಗೆದ್ದಿರುವುದು ಈ ಹವ್ಯಾಸದ ಬಗ್ಗೆ ಯಾರೂ ಸರಿಯಾಗಿ ಉತ್ತರಿಸದ ಪ್ರಶ್ನೆ. ಭಾರತದ ವಸ್ತು ಬೇಕೆನ್ನುವವರು ಸಾಮಾನ್ಯವಾಗಿ ಸೆಂಚೂರಿಯನ್ ಡಬ್ಬಿ ತರಿಸುತ್ತಾರೆ. 1971ರ ಡಿಸೆಂಬರ್ 16ರಂದು, ಬಸಂತರ್ ಕದನದಲ್ಲಿ, 21 ವರ್ಷದ ಅರುಣ್ ಖೇತ್ರಪಾಲ್ ಪ್ರಾಣ ಬಿಟ್ಟ ‘ಫಾಮಗುಸ್ತಾ’ ಟ್ಯಾಂಕನ್ನು ಅದರಿಂದ ಮಾಡುತ್ತಾರೆ. ಕ್ಲಬ್ಬಿನಲ್ಲೇ ಮೂರು ಫಾಮಗುಸ್ತಾಗಳಿವೆ. ನಾಲ್ಕನೆಯದನ್ನು ಶುರು ಮಾಡುವ ಮೊದಲು ಅವನು ತಿರುವನಂತಪುರಕ್ಕೆ ಹೋದಾಗ ಅಪ್ಪನಿಗೆ ಡಬ್ಬಿಯ ಚಿತ್ರ ತೋರಿಸಿದ.

ಅಪ್ಪ ಸೇನೆಯಲ್ಲಿದ್ದವರು. ಬೆಂಗಳೂರಿನ ಎ.ಎಸ್.ಸಿ. ಸೆಂಟರಿನಲ್ಲಿ ತರಬೇತಿ ಪಡೆದ ಡ್ರೈವರ್. ಈಗ ಮಗಳ ಮನೆಯಲ್ಲಿದ್ದಾರೆ, ತಿರುವನಂತಪುರದಲ್ಲಿ. ಚಿತ್ರ ನೋಡಿ ಅವರು ಹೇಳಿದ್ದು ಇಷ್ಟೇ: “ಇದಕ್ಕೆ ಪೆಟ್ರೋಲು ಎಷ್ಟು ಬೇಕು ಗೊತ್ತುಂಟಾ ನಿನಗೆ? ಅದನ್ನು ತಂದು ಕೊಟ್ಟದ್ದು ಯಾರು?”

ಸೆಂಚೂರಿಯನ್ ಡೀಸೆಲ್ ಟ್ಯಾಂಕಲ್ಲ. ಅದರೊಳಗಿದ್ದದ್ದು ಮೀಟಿಯರ್ ಎಂಬ ಪೆಟ್ರೋಲ್ ಎಂಜಿನ್, ಮಹಾ ಹೊಟ್ಟೆಬಾಕ. ಅದರ ಹಿಂದೆ ಹಿಂದೆ 20 ಲೀಟರಿನ ಜೆರ್ರಿಕ್ಯಾನುಗಳನ್ನು ಹೊತ್ತ ಲಾರಿಗಳು ರಾತ್ರಿಯಿಡೀ ದೀಪ ಆರಿಸಿಕೊಂಡು ಹೋಗಬೇಕಿತ್ತು. ಅಪ್ಪ ಓಡಿಸಿದ್ದು ಶಕ್ತಿಮಾನ್. ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಗಿ ಪಡೆದು ಜಬಲ್ಪುರದಲ್ಲಿ ಕಟ್ಟಿದ, ಮುಂದಕ್ಕೆ ಚಾಚಿದ ಬಾನೆಟ್ಟಿನ ಲಾರಿ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದ ಕಾಲದ ಸೃಷ್ಟಿ. ಟಿ.ವಿ.ಯಲ್ಲಿ ಶಕ್ತಿಮಾನ್ ಬರುವ ಎಷ್ಟೋ ಮೊದಲೇ ಸೈನಿಕರಿಗೆ ಶಕ್ತಿಮಾನ್ ಗೊತ್ತಿತ್ತು. ಜಬಲ್ಪುರದ್ದೇ ಇನ್ನೊಂದು ಜೋಂಗಾ, ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಪ್ರಾಣಿಯ ಹೆಸರಿನಂತಾದ ವಾಹನ. ಹರಾಜಿನಲ್ಲಿ ಕೊಂಡ ಜೋಂಗಾಗಳು ಕೊಡಗಿನ ತೋಟಗಳಲ್ಲಿ ಇನ್ನೂ ಓಡುತ್ತವೆ.

ಮಗ ಸೆಂಚೂರಿಯನ್ ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಶಕ್ತಿಮಾನ್ ಕಟ್ಟಲು ಕೂತ. ಡಬ್ಬಿ ಇಲ್ಲ, ಆದ್ದರಿಂದ ಪ್ಲಾಸ್ಟಿಕ್ ಹಾಳೆಯಿಂದಲೇ ಎಲ್ಲವನ್ನೂ ಕತ್ತರಿಸಬೇಕು. ಹರಾಜಿನಲ್ಲಿ ಹೋಗಿ, ಮರ ಸಾಗಿಸಿ, ಕೊನೆಗೆ ಗುಜರಿ ಸೇರಿದ್ದ ಒಂದು ಲಾರಿಯನ್ನು ಟೇಪು ಹಿಡಿದು ಎರಡು ದಿನ ಅಳೆದ. ಗುಜರಿಯವನು ಇವನು ಕೊಳ್ಳುವವನೆಂದು ಮೊದಲ ದಿನ ಚಹಾ ಕೊಟ್ಟ, ಎರಡನೆಯ ದಿನ ಕೊಡಲಿಲ್ಲ.

ಅಳತೆ ಇದ್ದರೆ ಅರ್ಧ ಕೆಲಸ ಮುಗಿದಂತೆ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಲಾರಿಯ ಮಡ್‌ಗಾರ್ಡಿನ ತಗಡು ಒಂದು ಮಿಲಿಮೀಟರಿನ ಆಸುಪಾಸು ಎಂದುಕೊಳ್ಳಿ. 35ರಿಂದ ಭಾಗಿಸಿದರೆ ಅದು ಬರೆಯುವ ಕಾಗದಕ್ಕಿಂತ ತೆಳುವಾಗುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ. ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ಬಳಸಿದರೆ, ಲೆಕ್ಕದ ಪ್ರಕಾರ ಅದು 17.5 ಮಿಲಿಮೀಟರ್ ದಪ್ಪದ ಕವಚವಾಯಿತು. ಲಾರಿಗೆ ಟ್ಯಾಂಕಿನ ಚರ್ಮ! ಹಾಗಾಗಿ ಕಣ್ಣಿಗೆ ಕಾಣುವ ಅಂಚನ್ನು ಮಾತ್ರ ಒಳಗಿನಿಂದ ಕೆರೆದು ಕೆರೆದು ತೆಳುಮಾಡುತ್ತಾರೆ. ನೋಡುವವರು ಅಂಚು ನೋಡಿ ಇಡೀ ತಗಡೇ ತೆಳುವೆಂದು ನಂಬುತ್ತಾರೆ.

ಬಣ್ಣದಲ್ಲೂ ಇದೇ ಕಥೆ. ಸೇನೆಯ ಅಸಲಿ ಹಸಿರನ್ನೇ ತಂದು ಬಳಿದರೆ ಮಾದರಿ ಕಪ್ಪಗೆ ಕಾಣುತ್ತದೆ. ದೂರದ ವಸ್ತುವಿನ ಬಣ್ಣ ನಡುವಿನ ಗಾಳಿಯಿಂದ ಮಸುಕಾಗುತ್ತದಲ್ಲ, ಪುಟ್ಟ ವಸ್ತುವನ್ನು ಕಣ್ಣು ದೂರದ್ದೆಂದೇ ಓದುತ್ತದೆ. ಅದಕ್ಕೆ ಸ್ವಲ್ಪ ಬಿಳಿ ಬೆರೆಸಬೇಕು. ಮಣ್ಣು? ನಿಜವಾದ ಮಣ್ಣಿನ ಕಣ 35 ಪಟ್ಟು ದೊಡ್ಡದಾಗಿ ಜಲ್ಲಿಯಂತೆ ಕಾಣುತ್ತದೆ, ಆದ್ದರಿಂದ ನುಣ್ಣಗೆ ಅರೆದ ಬಣ್ಣದ ಪುಡಿ. ಅವನು ಊರಿನ ಮುರಕಲ್ಲನ್ನು ತೇದು, ವಸ್ತ್ರಗಾಳಿತ ಮಾಡಿ, ಚಕ್ರಗಳಿಗೆ ಕೆಂಪು ದೂಳು ಹಚ್ಚಿದ. ಫೋನಿನಲ್ಲಿ ಅದರ ಚಿತ್ರ ನೋಡಿದ ಅಪ್ಪ ನಕ್ಕರು. “ಎಂತ ಮಾರಾಯ, ಪಂಜಾಬಿಗೆ ಬದಿಯಡ್ಕದ ಮಣ್ಣು ಹಾಕಿದ್ದೀಯಾ? ಅಲ್ಲಿಯದ್ದು ಬೂದಿ ಬಣ್ಣ.” ತೊಳೆದು ಮತ್ತೆ ಹಚ್ಚಿದ.

ನಂಬರ್ ಪ್ಲೇಟು ಇನ್ನೊಂದು ತಾಪತ್ರಯ. ಸೇನೆಯ ವಾಹನದ ಸಂಖ್ಯೆ ಮೇಲ್ಮುಖದ ಬಾಣದಿಂದ ಶುರುವಾಗುತ್ತದೆ, ಆಮೇಲೆ ಖರೀದಿಯ ವರ್ಷದ ಎರಡಂಕಿ, ಆಮೇಲೆ ಅಕ್ಷರ, ಉಳಿದ ಅಂಕಿಗಳು. ಮೊಮ್ಮಗಳ ಹೆಸರಿಗೆ ಒಮ್ಮೊಮ್ಮೆ ತಡಕಾಡುವ ಅಪ್ಪ ಆ ಸಂಖ್ಯೆಯನ್ನು ಮಗ್ಗಿಯಂತೆ ಒಪ್ಪಿಸಿದರು. ಆದರೆ ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಿಳಿಯ ಡೆಕಾಲ್ ಕಾಗದ ತಂದು, ಅಂಕಿಗಳನ್ನು ಬಿಟ್ಟು ಸುತ್ತಲಿನ ಕಪ್ಪನ್ನು ಮಾತ್ರ ಅಚ್ಚು ಮಾಡಿದ. ಮೂರು ಮಿಲಿಮೀಟರೂ ಇಲ್ಲದ ಅಂಕಿಗಳು, ಅಚ್ಚಾಗದೆ ಉಳಿದ ಜಾಗದಿಂದ ಮೂಡಿದವು.

ಕ್ಲಬ್ಬಿನಲ್ಲಿ ಲಾರಿ ಮೇಜಿನ ಮೇಲೆ ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಗುಂಪಿನಲ್ಲಿ ಅದೇ ದೊಡ್ಡ ಬಹುಮಾನ. ಆಮೇಲೆ ಹಡಗಿನ ಹಿರಿಯರು ಕನ್ನಡಕ ಸರಿಮಾಡಿಕೊಂಡು, ಎಡಗಡೆಯ ಕನ್ನಡಿ ಬಿದ್ದುಹೋಗಿದೆಯಲ್ಲ ಎಂದರು. ಬಿದ್ದಿಲ್ಲ, ಇರಲೇ ಇಲ್ಲ ಎಂದ ಇವನು. ಅಪ್ಪ ಖಚಿತವಾಗಿ ಹೇಳಿದ್ದರು: ಬಲಗಡೆ ಒಂದೇ ಕನ್ನಡಿ, ಎಡಗಡೆ ಬರೀ ಕಡ್ಡಿ. ಹಿರಿಯರು ಒಪ್ಪಲಿಲ್ಲ. ನೆನಪು ಆಧಾರವಲ್ಲ, ಫೋಟೋ ತೋರಿಸಿ ಎಂದರು.

ಹಾಗೆ ಕೇಳಿದ್ದರಲ್ಲಿ ಹಟವಿರಲಿಲ್ಲ. ಈ ಹವ್ಯಾಸ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಹಳೆಯ ಕಾವ್ಯ ಸಂಪಾದಿಸುವವರೂ ಹೀಗೆಯೇ ಜಗಳವಾಡುತ್ತಾರೆ. ಒಂದು ಓಲೆಯಲ್ಲಿ ಅಕ್ಷರವೊಂದು ಇಲ್ಲದಿದ್ದರೆ ಲಿಪಿಕಾರ ಬಿಟ್ಟನೋ, ಕವಿಯೇ ಬರೆಯಲಿಲ್ಲವೋ? ಬೇರೆ ಪ್ರತಿಗಳನ್ನು ನೋಡಿ ತುಂಬಿಸುವುದು ಶಾಸ್ತ್ರಸಮ್ಮತ. ಆದರೆ ಹಾಗೆ ತುಂಬಿಸಿದಾಗ ಆ ಒಂದು ಓಲೆಯಲ್ಲಿ ಏನಾಯಿತು ಎಂಬುದು ಅಳಿಸಿಹೋಗುತ್ತದೆ.

ತಂಗಿ ಟ್ರಂಕು ಹುಡುಕಿ ಒಂದು ಫೋಟೋ ಕಳಿಸಿದಳು. ಲಾರಿಯ ಮುಂದೆ ಅಪ್ಪ, ಪಕ್ಕದಲ್ಲಿ ಬೇರೆ ಇಬ್ಬರು, ಹಿಂದೆ ಪೆನ್ಸಿಲಿನಲ್ಲಿ 1972 ಎಂದಿದೆ. ನಂಬರು ಅದೇ. ಎರಡೂ ಕನ್ನಡಿ ಇವೆ.

ಅವನು ಕನ್ನಡಿಯೊಂದನ್ನು ಮಾಡಿ, ಅಂಟಿಸದೆ, ಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಲಾರಿಯ ಜೊತೆಗಿಟ್ಟು ರೈಲು ಹತ್ತಿದ. ತಿರುವನಂತಪುರದವರೆಗೆ ಪೆಟ್ಟಿಗೆ ತೊಡೆಯ ಮೇಲೆಯೇ ಇತ್ತು. ಅಪ್ಪ ಲಾರಿಯನ್ನು ಊಟದ ಮೇಜಿನ ಅಂಚಿಗೆ ಇಡಿಸಿಕೊಂಡು, ಕುರ್ಚಿ ಎಳೆದು, ಬಲಗಡೆಯ ಕಿಟಕಿಗೆ ಕಣ್ಣು ಸಮವಾಗುವವರೆಗೆ ಬಗ್ಗಿದರು. ಬಹಳ ಹೊತ್ತು ಹಾಗೇ ಇದ್ದರು.

“ಚೊಕ್ಕ ಆಯ್ತು” ಎಂದರು. “ಇಷ್ಟು ಚೊಕ್ಕ ಇರಲಿಲ್ಲ.”

ಮಗ ಫೋಟೋ ತೋರಿಸಿ ಕನ್ನಡಿಯ ಮಾತೆತ್ತಿದ. ಅಪ್ಪ ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಅದು ಆಮೇಲಿನದು ಎಂದರು. ಮೊದಲು ಇದ್ದ ಕನ್ನಡಿ ಯಾವುದೋ ಮರಕ್ಕೆ ತಾಗಿ ಹೋಗಿತ್ತು, ಹೊಸದು ಕೇಳಿದರೆ ಕೊಡುವವರು ಯಾರು, ಯುದ್ಧದ ತಯಾರಿಯ ಗಡಿಬಿಡಿ. ಎಡಗಡೆ ಕೂರುತ್ತಿದ್ದವ ಹಾಸನದ ಕಡೆಯ ಹುಡುಗ, ಕನ್ನಡ ಮಾತಾಡಲು ಇದ್ದವ ಅವನೊಬ್ಬನೇ. ರಾತ್ರಿ ಹೊತ್ತು ಅವನು ಸೊಂಟದವರೆಗೆ ಹೊರಗೆ ಬಾಗಿ, ಹಿಂದೆ ಯಾರಿದ್ದಾರೆ, ಚಕ್ರ ಎಲ್ಲಿ ಹೋಗುತ್ತಿದೆ ಎಂದು ನೋಡಿ ಹೇಳುತ್ತಿದ್ದ. ಶಕರ್‌ಗಢದ ಕಡೆ ದಾರಿಯ ಎರಡೂ ಬದಿ ಮೈನ್ ಹುಗಿದಿದ್ದರು. ಸಪ್ಪರ್‌ಗಳು ತೆರವು ಮಾಡಿ ಪಟ್ಟಿ ಕಟ್ಟಿದ ಓಣಿಯಿಂದ ಒಂದು ಗೇಣು ಆಚೆ ಹೋಗುವಂತಿರಲಿಲ್ಲ.

“ಕನ್ನಡಿ ಎಂತಕ್ಕೆ? ಅವ ಇದ್ದನಲ್ಲ” ಎಂದರು ಅಪ್ಪ. ಸ್ವಲ್ಪ ತಡೆದು, “ಆಮೇಲೆ ಕನ್ನಡಿ ಹಾಕಿಸಿದರು.”

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋದಳು. ಐವತ್ತು ವರ್ಷಕ್ಕೂ ಮಿಕ್ಕಿ ಆ ಮನೆಯಲ್ಲಿ ಯಾರೂ ಹಾಸನದ ಹುಡುಗನ ವಿಷಯ ಕೇಳಿರಲಿಲ್ಲ, ಅಮ್ಮ ಕೂಡ ಕೇಳಿದಂತಿಲ್ಲ. ಮಗ ಏನಾಯಿತೆಂದು ಕೇಳಲಿಲ್ಲ. ಕೈಗೆ ಬೇರೇನೂ ತೋಚದೆ ಲಾರಿಯ ಎಡಬಾಗಿಲನ್ನು ನೋಡಿದ. ಅಲ್ಲಿ ಕಿಟಕಿಯ ಗಾಜನ್ನು ಮುಚ್ಚಿದಂತೆ ಮಾಡಿದ್ದ, ತೆಳು ಅಸಿಟೇಟ್ ಹಾಳೆಯ ತುಂಡು, ಅಂಚಿಗೆ ಒಂದಿಷ್ಟು ದೂಳು ಕೂಡ. ಗಾಜು ಮುಚ್ಚಿದ್ದರೆ ಯಾರೂ ಹೊರಗೆ ಬಾಗಲಾರರು.

“ಈ ಗಾಜು ಎಷ್ಟು ಇಳಿಸಿರುತ್ತಿದ್ದಿರಿ ಅಪ್ಪ? ಅರ್ಧವಾ?”

“ಪೂರ್ತಿ” ಎಂದರು ಅಪ್ಪ. “ಡಿಸೆಂಬರಿನ ಚಳಿ. ನನಗೆ ಬೈಯ್ತಾ ಇದ್ದ, ನಿಮ್ಮ ಕನ್ನಡಿಗೋಸ್ಕರ ನನ್ನ ಕಿವಿ ಹೋಯ್ತು ಅಂತ.”

ಮಟ್ಟಾಂಚೇರಿಗೆ ಬಂದ ಮೇಲೆ ಅವನು ಹಲ್ಲಿನ ವೈದ್ಯರ ಕೊಕ್ಕೆಯಿಂದ ಆ ಅಸಿಟೇಟ್ ತುಂಡನ್ನು ಒಂದೊಂದೇ ಮೂಲೆಯಿಂದ ಎಬ್ಬಿಸಿ ತೆಗೆದ. ಬಾಗಿಲಿನ ಒಳಬದಿಯಲ್ಲಿ ಸ್ವಲ್ಪ ಅಂಟು ಉಳಿಯಿತು, ಅಲ್ಲಿ ಹಸಿರನ್ನು ಮತ್ತೆ ಮುಟ್ಟಿಸಬೇಕು. ತಿಂಗಳು ಜುಲೈ. ಅಕ್ಟೋಬರಿನವರೆಗೆ ಕಾಯಬೇಕು.