ಹೊಗೆ ಎಲ್ಲಿಗೆ ಹೋಯಿತು? — ವಿದ್ಯುತ್ ಬಂಡಿಯಲ್ಲಿ ಕೂಡಲಸಂಗಮ ಯಾತ್ರೆ

ಶ್ರಾವಣ ಮಾಸ ಬಂತೆಂದರೆ ನಮ್ಮ ಮನೆತನಗಳಲ್ಲಿ ಕೂಡಲಸಂಗಮದ ನೆನಪು ತಾನಾಗಿಯೇ ಮೂಡುತ್ತದೆ. ಊರೂರಿನ ಮಠಗಳಲ್ಲಿ ಬಸವಪುರಾಣದ ಪ್ರವಚನ ಮೊದಲಾಗುತ್ತದೆ. ಕೇಳಿದವರಿಗೆ ಆ ಪುಣ್ಯಭೂಮಿಯನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಹುಟ್ಟುತ್ತದೆ. ಕಳೆದ ಶ್ರಾವಣದಲ್ಲಿ, ಎಂಬತ್ತು ದಾಟಿದ ನನ್ನ ಅಕ್ಕನವರು "ಕಾಲಿನಲ್ಲಿ ಶಕ್ತಿ ಇರುವಾಗಲೇ ಒಮ್ಮೆ ಐಕ್ಯಮಂಟಪದ ಮೆಟ್ಟಿಲಿಳಿದು ಬರುತ್ತೇನೆ" ಎಂದು ಪಟ್ಟು ಹಿಡಿದರು. ತುಮಕೂರಿನಿಂದ ಸಂಗಮಕ್ಕೆ ಹೆಚ್ಚುಕಡಿಮೆ ನಾನೂರು ಕಿಲೋಮೀಟರುಗಳ ದಾರಿ. ಕರೆದೊಯ್ಯಲು ಅಳಿಯಂದಿರು ಸಿದ್ಧರಿದ್ದರು. ಆದರೆ ಅವರು ಹದಿಮೂರು ವರ್ಷ ಓಡಿಸಿದ ಪೆಟ್ರೋಲ್ ಕಾರನ್ನು ಆಗತಾನೇ ಮಾರಿ, ಬೇರೊಬ್ಬರು ನಾಲ್ಕು ವರ್ಷ ಬಳಸಿದ್ದ ವಿದ್ಯುತ್ ಕಾರೊಂದನ್ನು ಕೊಂಡಿದ್ದರು. ಹಸಿರು ಫಲಕದ ಮೇಲೆ ಬಿಳಿಯ ಅಂಕಿಗಳಿದ್ದ ಆ ಬಂಡಿಯನ್ನು ಅಕ್ಕನವರು ಒಂದು ಸುತ್ತು ಹಾಕಿ ನೋಡಿದರು.

"ಅಲ್ಲಪ್ಪಾ, ನಡುದಾರೀಲಿ ಕರೆಂಟು ಮುಗಿದ್ರೆ ತಳ್ಳೋರ್ಯಾರು?"

"ಮುಗಿಯೋಕ್ಕೆ ಮುಂಚೆ ನಿಲ್ಲಿಸೋದೇ ಇದನ್ನ ಓಡಿಸೋ ವಿದ್ಯೆ, ಅಮ್ಮ" ಎಂದರು ಅಳಿಯಂದಿರು.

ಆ ಮಾತಿನ ಅರ್ಥ ಮುಂದಿನ ಎರಡು ದಿನಗಳಲ್ಲಿ ನಮಗೆಲ್ಲ ಚೆನ್ನಾಗಿ ಮನದಟ್ಟಾಯಿತು.

ಬಂಡಿ ಟಾಟಾ ನೆಕ್ಸಾನ್. ಅದರ ವಿದ್ಯುತ್ ಮಾದರಿ ಮಾರುಕಟ್ಟೆಗೆ ಬಂದದ್ದು 2020ರ ಜನವರಿಯಲ್ಲಿ. ಅದರ ಬ್ಯಾಟರಿ 30.2 ಯೂನಿಟ್ ವಿದ್ಯುತ್ತನ್ನು ಹಿಡಿಯುತ್ತದೆ. ಪರೀಕ್ಷಾಗಾರದ ಲೆಕ್ಕದಲ್ಲಿ ಒಮ್ಮೆ ತುಂಬಿದರೆ 312 ಕಿಲೋಮೀಟರು. ಹೆದ್ದಾರಿಯಲ್ಲಿ, ನಾಲ್ಕು ಜನರನ್ನೂ ಗಂಟುಮೂಟೆಯನ್ನೂ ಹೊತ್ತಾಗ, 200ಕ್ಕಿಂತ ಹೆಚ್ಚನ್ನು ನಂಬುವಂತಿಲ್ಲ. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಯೂನಿಟ್ಟಿಗೆ ಸಮ. ಹಾಗೆ ನೋಡಿದರೆ ಈ ಇಡೀ ಬ್ಯಾಟರಿಯ ಒಡಲಲ್ಲಿರುವುದು ಮೂರೂವರೆ ಲೀಟರು ಪೆಟ್ರೋಲಿಗೂ ಕಡಿಮೆಯಾದ ಶಕ್ತಿ. ಅಷ್ಟರಲ್ಲೇ ಅದು ಇನ್ನೂರು ಕಿಲೋಮೀಟರು ಸಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಾಲ್ಕು ಪಾಲಿನಲ್ಲಿ ಮೂರು ಪಾಲಿನಷ್ಟು ಶಕ್ತಿ ಬರಿಯ ಶಾಖವಾಗಿ ಹೋಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಹೆಚ್ಚಿನ ಪಾಲು ಚಕ್ರಕ್ಕೆ ತಲುಪುತ್ತದೆ. ಇಳಿಜಾರಿನಲ್ಲಿ ವೇಗ ತಗ್ಗಿಸಿದಾಗ ಅದೇ ಮೋಟಾರು ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಗೆ ಮರಳಿಸುತ್ತದೆ. ಸ್ವಲ್ಪವನ್ನೇ ಪಡೆದು ಹಾಳುಮಾಡದೆ ಬಳಸುವ ಈ ಗುಣ ನನಗೆ ಬಹುವಾಗಿ ಹಿಡಿಸಿತು.

ಬೆಳಗಿನ ಲಿಂಗಪೂಜೆ ಮುಗಿಸಿ, ಸಿದ್ಧಗಂಗೆಯ ಗದ್ದುಗೆಗೆ ಶರಣೆಂದು ಹೊರಟೆವು. ಶಿರಾ, ಹಿರಿಯೂರುಗಳನ್ನು ಹಾದು ಚಿತ್ರದುರ್ಗಕ್ಕೆ 130 ಕಿಲೋಮೀಟರು. ಈ ದಾರಿಯ ಬಲಭಾಗಕ್ಕೆ, ದೂರದಲ್ಲಿ, ಪಾವಗಡ ತಾಲ್ಲೂಕಿನ ಸೌರ ಉದ್ಯಾನವಿದೆ. ಮೇಲಿಂದ ಮೇಲೆ ಬರಗಾಲ ಕಂಡ ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ಹರಡಿಕೊಂಡಿವೆ. ರೈತರಿಂದ ಆ ಭೂಮಿಯನ್ನು ಕೊಳ್ಳಲಿಲ್ಲ, ಗೇಣಿಗೆ ಪಡೆದರು ಎಂಬುದು ಗಮನಿಸತಕ್ಕ ಸಂಗತಿ. ಮಳೆ ಕೈಕೊಟ್ಟ ನೆಲದಲ್ಲಿ ಬಿಸಿಲೇ ಬೆಳೆಯಾಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಭೂಮಿಯಿಲ್ಲದವರಿಗೆ ಗೇಣಿಯ ಹಣ ಬರುವುದಿಲ್ಲ ಎಂಬುದನ್ನೂ ಮರೆಯಲಾಗದು.

ಚಿತ್ರದುರ್ಗ ಸಮೀಪಿಸುತ್ತಿದ್ದಂತೆ ಬೆಟ್ಟಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಕಾಣಿಸಿದವು. ಶ್ರಾವಣದ ಗಾಳಿಗೆ ಅವುಗಳ ರೆಕ್ಕೆಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಹೆದ್ದಾರಿಯ ಪಕ್ಕದ ಉಪಾಹಾರ ಗೃಹವೊಂದರ ಅಂಗಳದಲ್ಲಿ ಚಾರ್ಜಿಂಗ್ ಯಂತ್ರವಿತ್ತು. ಮೂರನೆಯ ಒಂದು ಪಾಲಿಗೆ ಇಳಿದಿದ್ದ ಬ್ಯಾಟರಿ, ನಾವು ಇಡ್ಲಿ ತಿಂದು, ಅಕ್ಕನವರು ತುಸು ಹೊತ್ತು ಕಾಲು ಚಾಚಿ ಕುಳಿತು ಏಳುವಷ್ಟರಲ್ಲಿ ತುಂಬತೊಡಗಿತ್ತು. ಎಂಬತ್ತು ಭಾಗ ತುಂಬಿದ ಮೇಲೆ ಅದು ನಿಧಾನವಾಗುವುದರಿಂದ ಒಟ್ಟು ಒಂದೂಕಾಲು ಗಂಟೆ ಹಿಡಿಯಿತು. ಪೆಟ್ರೋಲ್ ಬಂಡಿಯಲ್ಲಾಗಿದ್ದರೆ ಐದು ನಿಮಿಷದ ಕೆಲಸ. ವಯಸ್ಸಾದವರಿಗೆ ಈ ವಿಳಂಬವೇ ಹಿತವಾಯಿತೆಂದು ಹೇಳಬಹುದು, ಅವಸರದಲ್ಲಿರುವವರಿಗೆ ಹಾಗೆನ್ನಲಾಗದು.

ಚಿತ್ರದುರ್ಗದಿಂದ ಹೊಸಪೇಟೆಗೆ ಮತ್ತೆ ಅಷ್ಟೇ ದೂರ. ಅಲ್ಲಿ ನಮಗೆ ಪರೀಕ್ಷೆ ಕಾದಿತ್ತು. ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿತ್ತು. ಇನ್ನೊಂದರ ಮುಂದೆ ಬಂಡಿಗಳು ನಿಂತಿದ್ದವು, ಸರದಿ ಬಂದಾಗಲೂ ವಿದ್ಯುತ್ತು ಮಂದವಾಗಿ ಹರಿಯುತ್ತಿತ್ತು. ಎರಡು ಗಂಟೆ ಕಾದರೂ ನೂರಕ್ಕೆ ಅರವತ್ತೈದರಷ್ಟೇ ತುಂಬಿತು. ಸಂಗಮ ಇನ್ನೂ 130 ಕಿಲೋಮೀಟರು ದೂರ. ಮುಸ್ಸಂಜೆಯಾಗುತ್ತಿತ್ತು. ಅಕ್ಕನವರ ಗುರುತಿನ ನೇಕಾರರ ಮನೆಯೊಂದು ಇಳಕಲ್ಲಿನಲ್ಲಿತ್ತು. ಅಲ್ಲಿಯವರೆಗೆ ಹೋಗಿ ತಂಗುವುದೆಂದು ನಿಶ್ಚಯಿಸಿದೆವು.

ತುಂಗಭದ್ರೆಯ ಸೇತುವೆ ದಾಟುವಾಗ ಜಲಾಶಯ ತುಂಬಿ ನಿಂತದ್ದು ಕಂಡಿತು. 2024ರ ಆಗಸ್ಟಿನಲ್ಲಿ ಇದರ 19ನೆಯ ತೂಬಿನ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದಾಗ ಇಡೀ ನಾಡು ಉಸಿರು ಬಿಗಿಹಿಡಿದದ್ದು ನೆನಪಾಯಿತು. ಆಚೆ ದಡದ ಮುನಿರಾಬಾದಿನಲ್ಲಿ ಈ ನೀರಿನಿಂದಲೇ ವಿದ್ಯುತ್ತು ಹುಟ್ಟುತ್ತದೆ. ಒಂದೇ ದಿನದಲ್ಲಿ ಬಿಸಿಲು, ಗಾಳಿ, ನೀರು ಮೂರರ ಊರುಗಳನ್ನೂ ಹಾದು ಬಂದಿದ್ದೆವು. ನಮ್ಮ ಬಂಡಿ ಇವುಗಳ ಪ್ರಸಾದದಿಂದಲೇ ಓಡುತ್ತಿದೆಯೆಂದು ನಾನು ಅಕ್ಕನವರಿಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು.

ಕುಷ್ಟಗಿಯ ಬಯಲಿನಲ್ಲಿ ಅಳಿಯಂದಿರು ವೇಗವನ್ನು ಅರವತ್ತಕ್ಕೆ ಇಳಿಸಿದರು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಮೆಲ್ಲನೆ ಹೋದವನಿಗೆ ದಾರಿ ಉದ್ದವಾಗಿ ಒದಗುತ್ತದೆ. ತಂಪು ಯಂತ್ರವನ್ನು ನಿಲ್ಲಿಸಿ ಕಿಟಕಿ ತೆರೆದೆವು. ಇಳಕಲ್ಲಿನ ದೀಪಗಳು ಕಂಡಾಗ ಬ್ಯಾಟರಿಯಲ್ಲಿ ನೂರಕ್ಕೆ ಹತ್ತು ಭಾಗ ಉಳಿದಿತ್ತು. ನೇಕಾರ ಶರಣರು ನೀರೆತ್ತುವ ಮೋಟಾರಿಗೆಂದು ಹಾಕಿಸಿದ್ದ 15 ಆಂಪಿಯರಿನ ಪ್ಲಗ್ಗನ್ನು ತೋರಿಸಿದರು. ಅಳಿಯಂದಿರು ಅದರ ತಂತಿಯನ್ನೂ ಅರ್ತಿಂಗನ್ನೂ ಪರೀಕ್ಷಿಸಿ ಬಂಡಿಗೆ ಜೋಡಿಸಿದರು. ರಾತ್ರಿಯಿಡೀ ಬಂಡಿ ವಿದ್ಯುತ್ತು ಕುಡಿಯಿತು. ನಾವು ಜೋಳದ ರೊಟ್ಟಿ, ಎಣ್ಣೆಗಾಯಿಯ ಪ್ರಸಾದ ಸ್ವೀಕರಿಸಿದೆವು.

ಊಟವಾದ ಮೇಲೆ ಮಾತು ಬಂಡಿಯತ್ತ ಹೊರಳಿತು. ಹೊಗೆಯಿಲ್ಲದ ವಾಹನವೆಂದು ನಾನು ಕೊಂಡಾಡುತ್ತಿದ್ದಾಗ ಆ ಹಿರಿಯರು ನಕ್ಕು ಹೇಳಿದರು: "ಅಲ್ರೀ ಶರಣರ, ಹೊಗಿ ಇಲ್ಲಂತೀರಿ. ನಾಳಿ ಸಂಗಮ ಮುಗಿಸಿ ಹಂಗ ಕೂಡಗಿ ಕಡೆ ಹೋಗಿ ಬರ್ರಿ. ಹೊಗಿ ಎಲ್ಲಿ ಹೋಗಿ ಕುಂತೈತಿ ಅನ್ನೋದು ಕಣ್ಣಿಗೆ ಕಾಣತೈತಿ."

ಬೆಳಿಗ್ಗೆ ವಿದ್ಯುತ್ತಿನ ಹಣ ಕೊಡಲು ಹೋದರೆ ಅವರು ಮುಟ್ಟಲಿಲ್ಲ. "ಮನಿಗೆ ಬಂದವರ ಕಡೆ ಕರೆಂಟಿನ ರೊಕ್ಕ ಇಸಕೊಳ್ಳೂದು ಹ್ಯಾಂಗ್ರೀ?" ಎಂದರು. ಅವರ ದಾಸೋಹಭಾವ ದೊಡ್ಡದು. ಆದರೆ ಸುಮಾರು 25 ಯೂನಿಟ್ಟು ನೇಕಾರನ ಮನೆಗೆ ಸಣ್ಣದಲ್ಲ. ಅಕ್ಕನವರು ಸುಮ್ಮನೆ ಮಗ್ಗದ ಕೋಣೆಗೆ ಹೋಗಿ, ಕೆಂಪು ಟೋಪು ಸೆರಗಿನ ಒಂದು ಸೀರೆಯನ್ನು ಆರಿಸಿ, ಚೌಕಾಸಿ ಮಾಡದೆ ಅವರು ಹೇಳಿದ ಬೆಲೆಗೇ ಕೊಂಡರು. ಇಬ್ಬರ ಮರ್ಯಾದೆಯೂ ಉಳಿಯಿತು.

ಇಳಕಲ್ಲೆಂದೊಡನೆ ಇನ್ನೊಂದು ನೆನಪು. ಇಲ್ಲಿಯ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು, 2018ರಲ್ಲಿ ಲಿಂಗೈಕ್ಯರಾದವರು, ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಒಂದು ಚಟವನ್ನು ಬಿಡುವುದೆಂದರೆ ಅದರ ಜಾಗದಲ್ಲಿ ಇನ್ನೊಂದನ್ನು ತಂದಿರಿಸುವುದಲ್ಲವೆಂದು ಅವರ ಮಾತು ಕೇಳಿದವರೆಲ್ಲ ಬಲ್ಲರು. ನೇಕಾರ ಶರಣರ ಮಾತು ಆ ಜೋಳಿಗೆಯ ನೆನಪಿನೊಡನೆ ಸೇರಿ ನನ್ನನ್ನು ಬಿಡದೆ ಕಾಡಿತು.

ಹುನಗುಂದದ ಮೇಲೆ ಹಾದು ಸಂಗಮ ತಲುಪಿದೆವು. ಮಲಪ್ರಭೆ ಕೃಷ್ಣೆಯನ್ನು ಕೂಡುವ ಎಡೆ. ಎತ್ತ ನೋಡಿದರೂ ನೀರು. ಇಲ್ಲಿಯ ನೀರು ಇಷ್ಟು ಅಗಲವಾಗಿ ನಿಲ್ಲಲು ಕಾರಣ ಕೆಳಗಿನ ನಾರಾಯಣಪುರದ ಅಣೆಕಟ್ಟು. ಅದಕ್ಕೆ ಬಸವಸಾಗರವೆಂದೇ ಹೆಸರು. ಆ ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ, ಒಳಗೆ ಮೆಟ್ಟಿಲುಗಳನ್ನಿಳಿಸಿದ್ದಾರೆ. ಅಕ್ಕನವರು ನನ್ನ ಹೆಂಡತಿಯ ಭುಜ ಹಿಡಿದು ಒಂದೊಂದೇ ಮೆಟ್ಟಿಲಿಳಿದರು. ಕೆಳಗೆ ನೀರವ. ಗೋಡೆಯಾಚೆ ನಮ್ಮ ತಲೆಗಿಂತ ಎತ್ತರದಲ್ಲಿ ನದಿಯ ನೀರು ನಿಂತಿದೆ ಎಂಬ ಅರಿವಿನಲ್ಲಿ ಐಕ್ಯಲಿಂಗದ ಮುಂದೆ ಕುಳಿತೆವು. ಹೊಲಕ್ಕೆ ನೀರು ಬೇಕು, ದೀಪಕ್ಕೆ ವಿದ್ಯುತ್ತು ಬೇಕು; ಅದಕ್ಕಾಗಿ ಊರುಗಳು ಮುಳುಗಿವೆ. ಮೇಲಿನ ಆಲಮಟ್ಟಿಯ ವಿದ್ಯುದಾಗಾರ 290 ಮೆಗಾವಾಟ್ ಸಾಮರ್ಥ್ಯದ್ದು. ಅದೇ ಜಲಾಶಯದ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಪೇಟೆಯ ಎಷ್ಟೋ ಮನೆಗಳು ಹೋದವು, ಜನ ನವನಗರಕ್ಕೆ ಬಂದರು. ನೀರಿನಿಂದ ಬಂದ ವಿದ್ಯುತ್ತಿಗೂ ಬೆಲೆ ತೆತ್ತವರಿದ್ದಾರೆ.

ಹಿಂದಿರುಗುವ ಮುನ್ನ ಬಸವಣ್ಣನವರು ಹುಟ್ಟಿದ ಬಾಗೇವಾಡಿಗೂ ಹೋಗಬೇಕೆಂದು ಅಕ್ಕನವರ ಅಪೇಕ್ಷೆ. ಆಲಮಟ್ಟಿ, ನಿಡಗುಂದಿ ದಾಟಿದ ಮೇಲೆ ಬಯಲಿನ ಅಂಚಿನಲ್ಲಿ ಚಿಮಣಿಗಳು ಕಾಣಿಸಿದವು. ಅದೇ ಕೂಡಗಿ. ತಲಾ 800 ಮೆಗಾವಾಟಿನ ಮೂರು ಘಟಕಗಳು, ಒಟ್ಟು 2,400 ಮೆಗಾವಾಟ್. ಹೊರಗಿನಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ, ಆಲಮಟ್ಟಿಯಿಂದ ನೀರು ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿಯೇ ಇರುತ್ತದೆ. ಅದೂ ಇಲ್ಲೇ ಉಳಿಯುತ್ತದೆ. ಈ ಸ್ಥಾವರ ಬೇಡವೆಂದು ಸುತ್ತಲ ರೈತರು ಹೋರಾಡಿದರು. 2014ರ ಜುಲೈನಲ್ಲಿ ಪೊಲೀಸರ ಗುಂಡೇಟಿಗೆ ಗಾಯಗೊಂಡರು. ಬಸವಣ್ಣನವರ ಜನ್ಮಭೂಮಿಯ ಸೀಮೆಯಲ್ಲೇ ಈ ಚಿಮಣಿ ನಿಂತಿದೆ. ತುಮಕೂರಿನ ನಮ್ಮ ಅಂಗಳದಲ್ಲಿ ಇಲ್ಲವಾದ ಹೊಗೆಯ ಒಂದು ಪಾಲು ಇಲ್ಲಿದೆ.

ಅಕ್ಕನವರು ಬಹಳ ಹೊತ್ತು ಅದನ್ನೇ ನೋಡಿದರು. "ನಿನ್ನೆ ಗಾಳಿ, ನೀರು, ಬಿಸಿಲು ಅಂದೆಯಲ್ಲ, ಇದನ್ಯಾಕೆ ಹೇಳಲಿಲ್ಲ?" ಎಂದರು. ಇದನ್ನೂ ಹೇಳುವ ಸಲುವಾಗಿಯೇ ಈ ಲೇಖನ.

ಹಾಗಾದರೆ ಬಂಡಿ ಬದಲಿಸಿದ್ದರಿಂದ ಪ್ರಯೋಜನವೇ ಇಲ್ಲವೆ? ಇದೆ, ಅದರ ಅಳತೆಯನ್ನು ಸರಿಯಾಗಿ ಅರಿಯಬೇಕು. ಒಂದು ಲೀಟರು ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿಗೆ ಅದು ಕಿಲೋಮೀಟರಿಗೆ 150 ಗ್ರಾಮಿನಷ್ಟು. ಎಣ್ಣೆಯನ್ನು ಶುದ್ಧೀಕರಿಸಿ ಸಾಗಿಸುವುದು ಬೇರೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋಗ್ರಾಮಿನಷ್ಟು ಹೊರಬೀಳುತ್ತದೆ. ಯೂನಿಟ್ಟಿಗೆ ಆರೂವರೆ ಕಿಲೋಮೀಟರು ಓಡುವ ಈ ಬಂಡಿಗೆ, ಸಾಗಣೆಯ ನಷ್ಟಗಳನ್ನು ಸೇರಿಸಿದರೂ, 120ರಿಂದ 130 ಗ್ರಾಂ. ಇಳಿಕೆ ಉಂಟು, ಪೂರ್ಣ ಮುಕ್ತಿ ಇಲ್ಲ. ಊರಿನೊಳಗೆ ಮಕ್ಕಳ ಮೂಗಿಗೆ ಹೋಗುವ ಹೊಗೆ ತಪ್ಪಿತೆಂಬುದು ದೊಡ್ಡ ಲಾಭ. ಬಳಸಿದ ಬಂಡಿಯನ್ನೇ ಕೊಂಡದ್ದರಿಂದ ಹೊಸ ಬ್ಯಾಟರಿಗಾಗಿ ಮತ್ತೆ ಗಣಿ ಅಗೆಯುವ ಹೊರೆ ತಪ್ಪಿತು. ಆದರೆ ಮಾರಿದ ಪೆಟ್ರೋಲ್ ಕಾರು ಬೇರೆಲ್ಲೋ ಓಡುತ್ತಲೇ ಇದೆ ಎಂಬುದೂ ಲೆಕ್ಕದಲ್ಲಿರಬೇಕು.

ಈ ಲೆಕ್ಕವನ್ನು ಉತ್ತಮಪಡಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬಿಸಿಲಿರುವ ಹಗಲಿನಲ್ಲಿ ತುಂಬಿಸಿದರೆ ಸೌರವಿದ್ಯುತ್ತಿನ ಪಾಲು ಹೆಚ್ಚು. ರಾತ್ರಿಯ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಹೆಚ್ಚು. ಮನೆಯ ಮಾಳಿಗೆಯ ಮೇಲೆ 3 ಕಿಲೋವಾಟ್ ಸೌರಫಲಕ ಹಾಕಿಸಿದರೆ ದಿನಕ್ಕೆ ಸರಾಸರಿ 12 ಯೂನಿಟ್ ದೊರೆಯುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಪ್ರಕಟಿಸಿದ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನ. ದಿನಕ್ಕೆ 40 ಕಿಲೋಮೀಟರು ಓಡಾಡುವವರಿಗೆ ಬೇಕಾದದ್ದು 6 ಯೂನಿಟ್ಟಷ್ಟೇ.

ಕೊಳ್ಳಬಯಸುವ ಗೃಹಸ್ಥರು ಮೊದಲು ಬ್ಯಾಟರಿಯ ಆರೋಗ್ಯವನ್ನು ಪರೀಕ್ಷಿಸಿಕೊಳ್ಳಬೇಕು. ಪೂರ್ತಿ ತುಂಬಿಸಿ ಒಂದು ದಿನ ಓಡಿಸಿ ನೋಡಬೇಕು. ಈ ಮಾದರಿಯ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರುಗಳ ಖಾತರಿ ಇತ್ತು. ಎಷ್ಟು ಉಳಿದಿದೆ, ಎರಡನೆಯ ಒಡೆಯರಿಗೂ ಅನ್ವಯಿಸುತ್ತದೆಯೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಮನೆಯಲ್ಲೇ ತುಂಬಿಸುವ ಅನುಕೂಲವಿದ್ದರೆ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು; ದಾರಿಯ ಯಂತ್ರಗಳಲ್ಲಿ ಅದರ ಎರಡು ಮೂರು ಪಟ್ಟು. ಮನೆಯಲ್ಲಿ ಪ್ಲಗ್ಗಿಲ್ಲದವರು, ಪದೇ ಪದೇ ದೂರ ಹೋಗಬೇಕಾದವರು ಇನ್ನೂ ಕೆಲಕಾಲ ಯೋಚಿಸುವುದು ಒಳಿತು.

ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಅಂದಿನ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ಗಂಡನನ್ನು ಕಳುಹಿದಳು. ತಂದ ಅಕ್ಕಿ ಶುದ್ಧವಾದದ್ದೇ. ಪ್ರಮಾಣ ಮೀರಿತ್ತೆಂಬುದೇ ಆಕೆಯ ಆಕ್ಷೇಪ. ಬಂಡಿ ಯಾವುದಾದರೂ ಆಗಲಿ, ಈ ಪಯಣ ಅಗತ್ಯವೆ, ಬಸ್ಸಿನಲ್ಲಿ ಆಗದೆ, ನಾಲ್ವರು ಒಂದೇ ಬಂಡಿಯಲ್ಲಿ ಹೋಗಬಹುದೆ ಎಂಬ ಪ್ರಶ್ನೆಗಳನ್ನು ಕೇಳಿಕೊಂಡು ಹೊಸ್ತಿಲು ದಾಟುವ ಮನೆ ಲಕ್ಕಮ್ಮನ ಮನೆ. ಅಂಥ ಮನೆಗಳು ಹೆಚ್ಚಲಿ. ಕೂಡಗಿಯ ಸೀಮೆಯ ಮಕ್ಕಳೂ ತಿಳಿಗಾಳಿಯನ್ನು ಉಸಿರಾಡುವಂತಾಗಲಿ.