ತೂದು ಬೇಂ? ಎಲ್ಲಾ ಆರಾಮ?

ಬಾಸ್ಟನ್ನಿನ ಪಶ್ಚಿಮಕ್ಕಿರುವ ಫ್ರೇಮಿಂಗ್‌ಹ್ಯಾಮಿಗೆ ನೀವು ಬಂದಿದ್ದರೆ ಗಮನಿಸಿರುತ್ತೀರಿ, ಅಲ್ಲಿನ ಪೇಟೆಯ ಎಷ್ಟೋ ಅಂಗಡಿಗಳ ಬೋರ್ಡು ಪೋರ್ಚುಗೀಸ್ ಭಾಷೆಯಲ್ಲಿದೆ. ಬ್ರೆಜಿಲ್ ದೇಶದವರು, ಅದರಲ್ಲೂ ಮಿನಾಸ್ ಜೆರಾಯಿಸ್ ರಾಜ್ಯದಿಂದ ಬಂದವರು, ಇಲ್ಲಿ ಬಹಳ. ಇನ್ನು ದಕ್ಷಿಣಕ್ಕೆ ನ್ಯೂ ಬೆಡ್‌ಫರ್ಡ್, ಫಾಲ್ ರಿವರ್ ಕಡೆ ಹೋದರೆ ತಿಮಿಂಗಿಲ ಬೇಟೆಯ ಹಡಗುಗಳ ಕಾಲದಿಂದಲೂ ಅಜೋರ್ಸ್ ದ್ವೀಪಗಳಿಂದ ಬಂದು ನೆಲೆಸಿದ ಪೋರ್ಚುಗೀಸರಿದ್ದಾರೆ. ಇಷ್ಟೆಲ್ಲ ಇದ್ದರೂ ನನಗೆ ಆ ಭಾಷೆ ಬೇಕಾಗಿರಲಿಲ್ಲ. ಬೇಕಾಗುವಂತೆ ಮಾಡಿದ್ದು ನಮ್ಮವ್ವನ ಮೊಣಕಾಲು!

ಧಾರವಾಡದ ಅವ್ವ ಈಗ ನಮ್ಮ ಜೊತೆಗೇ ಇದ್ದಾಳೆ. ಮೊಣಕಾಲಿನ ಆಪರೇಷನ್ ಆಗಿ ಮನೆಗೆ ಬಂದಾಗ ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಬಂದು ಸ್ನಾನ ಮಾಡಿಸಿ, ನಾಲ್ಕು ಹೆಜ್ಜೆ ನಡೆಸಲು ಬ್ರೆಜಿಲಿನ ಮಹಿಳೆಯೊಬ್ಬರನ್ನು ಗೊತ್ತುಮಾಡಿದೆವು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವ್ವನಿಗೆ ಅದೂ ಇಲ್ಲ. ಮೊದಲ ದಿನವೇ ಅವ್ವ ಬಚ್ಚಲಮನೆಯ ಬಾಗಿಲಲ್ಲಿ ವಾಕರ್ ಹಿಡಿದು ನಿಂತುಬಿಟ್ಟಳು. “ಹೆಸರ ಗೊತ್ತಿಲ್ಲದಾಕಿ ಕೈಲೆ ನಾ ಹೆಂಗ ಜಳಕಾ ಮಾಡಿಸ್ಕೊಳ್ಳಲಿ?” ಎರಡು ದಿನ ಸ್ನಾನವಿಲ್ಲ, ನಡಿಗೆಯೂ ಇಲ್ಲ. ನಡೆಸದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಫಿಸಿಯೋಥೆರಪಿಸ್ಟ್ ಮೊದಲೇ ಎಚ್ಚರಿಸಿದ್ದರು.

ಅವ್ವ ಕೇಳಿದ್ದರಲ್ಲಿ ತಪ್ಪೇನಿತ್ತು? ಪರಿಚಯವಿಲ್ಲದವರ ಮುಂದೆ ಮೈಯೊಡ್ಡುವುದು ಯಾರಿಗೆ ಸುಲಭ? ಆ ಸಂಜೆ ಆಕೆಯನ್ನು ಕೂರಿಸಿ ಕಾಫಿ ಕೊಟ್ಟು, “ನಮಗೆ ನಾಲ್ಕು ಮಾತು ಕಲಿಸಿ” ಎಂದು ಕೇಳಿಕೊಂಡೆ. ಒಂದು ಹಳೆಯ ಲಕೋಟೆಯ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ.

ಬೆಳಿಗ್ಗೆ “ಬೊಂ ಜೀಯ”. ಪೋರ್ಚುಗಲ್ಲಿನವರು “ಬೊಂ ದೀಯ” ಎನ್ನುವುದನ್ನು ಬ್ರೆಜಿಲಿನ ಬಹುಪಾಲು ಜನ ಹೀಗೆ “ಜೀ” ಮಾಡುತ್ತಾರೆ. ಮಧ್ಯಾಹ್ನ “ಬೋವ ತಾರ್ಜಿ”, ರಾತ್ರಿ “ಬೋವ ನೋಯ್ಚಿ”. “ಬೊಂ” ಯಾಕೆ “ಬೋವ” ಆಯಿತು ಅಂತೀರಾ? ಆ ಭಾಷೆಯಲ್ಲಿ ಹಗಲು ಗಂಡು, ಮಧ್ಯಾಹ್ನವೂ ರಾತ್ರಿಯೂ ಹೆಣ್ಣು! ವಂದನೆ ಹೇಳುವಾಗಲೂ ಹಾಗೇ: ಹೇಳುವವನು ಗಂಡಸಾದರೆ “ಓಬ್ರಿಗಾದು”, ಹೆಂಗಸಾದರೆ “ಓಬ್ರಿಗಾದ”. ನಿಮಗೆ ಋಣಿ ಎಂದು ಅದರ ಮೂಲಾರ್ಥ. ಅದಕ್ಕೆ ಉತ್ತರ “ಜಿ ನಾದ”, ಅಂದರೆ ಥೇಟ್ ನಮ್ಮ “ಅದರಾಗೇನ ಐತ್ರಿ”.

ಪರಿಚಯ ಮಾಡಿಕೊಡುವುದು ಹೀಗೆ: “ಎಸ್ತ ಎ ಮೀಞ ಮಾಂಯ್”, ಇವರು ನನ್ನ ತಾಯಿ. ಹೆಸರು ಹೇಳುವಾಗ “ಮೇವು ನೋಮಿ ಎ...”, ಕೇಳಿದವರು “ಮುಯಿಂತು ಪ್ರಜೇರ್”, ಬಹಳ ಸಂತೋಷ. ಹಿರಿಯರಿಗೆ “ನೀನು” ಎನ್ನುವ ಹಾಗಿಲ್ಲ, “ಅ ಸಿಞೋರ” ಎನ್ನಬೇಕು. ಶಾಲೆಯಲ್ಲಿ ತಿದ್ದಿ ಮರೆತಿದ್ದ ನಮ್ಮ “ಞ”ಗೆ ಅಂತೂ ಒಂದು ಕೆಲಸ ಸಿಕ್ಕಿತು!

ಆದರೆ ಅವ್ವನಿಗೆ ಹಿಡಿಸಿದ್ದು “ತೂದು ಬೇಂ?”. ಎಲ್ಲಾ ಚೆನ್ನಾಗಿದೆಯಾ ಎಂದು ಅರ್ಥ; ಉತ್ತರವೂ “ತೂದು ಬೇಂ”. “ಅಯ್ಯ, ಇದು ನಮ್ಮ ‘ಆರಾಮ?’ ‘ಆರಾಮ’ ಇದ್ದಂಗ ಐತಲ್ಲ!” ಎಂದಳು. ಮರುದಿನ ಆಕೆ ಒಳಗೆ ಬಂದು, ಬಗ್ಗಿ, ಅವ್ವನ ಹೆಸರಿನ ಮುಂದೆ ಗೌರವದ “ದೋನ” ಸೇರಿಸಿ ಕರೆದರು. ಅವರ ಪದ್ಧತಿಯಂತೆ ಕೆನ್ನೆಗೆ ಕೆನ್ನೆ ತಾಗಿಸಲು ಬಂದಾಗ ಅವ್ವ ಗಾಬರಿಯಿಂದ ಕೈಮುಗಿದಳು. ಆಕೆಯೂ ಕೈಮುಗಿದರು. ಆಮೇಲೆ ಆಕೆ ಎದೆಯ ಮೇಲೆ ಕೈಯಿಟ್ಟು ತಮ್ಮ ಹೆಸರು ಹೇಳಿದರು. ಅವ್ವ ಅದನ್ನು ಎರಡು ಸಲ ಹೇಳಿ ನೋಡಿಕೊಂಡಳು. ಅವತ್ತು ಸ್ನಾನವಾಯಿತು.

ಇನ್ನೊಂದು ತಮಾಷೆ. ಒಂದು ದಿನ ಅವ್ವ ನನ್ನನ್ನು “ಈಕಿಗೆ ಪಗಾರ ಎಷ್ಟು ಕೊಡ್ತೀರಿ?” ಎಂದು ಕೇಳಿದಾಗ ಆಕೆ ತಟ್ಟನೆ ತಿರುಗಿ ನೋಡಿದರು! ಸಂಬಳಕ್ಕೆ ನಾವು ಅನ್ನುವ “ಪಗಾರ” ಪೋರ್ಚುಗೀಸಿನ “ಪಗಾರ್”, ಹಣ ಕೊಡು ಎಂಬುದರಿಂದ ಬಂದದ್ದು. ನಮ್ಮ ಚಾವಿ ಅವರ “ಶಾವಿ”, ಬಟಾಟೆ ಅವರದೇ “ಬತಾತ”, ಪಾವ್ ಭಾಜಿಯ ಪಾವ್ ಅವರ ಬ್ರೆಡ್ಡು. 1510ರಲ್ಲಿ ಗೋವಾ ಹಿಡಿದು 1961ರವರೆಗೆ ನಮ್ಮ ಪಕ್ಕದಲ್ಲೇ ಇದ್ದವರಲ್ಲವೇ? ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಣ್ಣಾರೆ ಕಂಡ ದೊಮಿಂಗೊ ಪಾಯೆಸ್ ತನ್ನ ವರ್ಣನೆ ಬರೆದದ್ದೂ ಈ ಭಾಷೆಯಲ್ಲೇ. ರಾಣಿ ಅಬ್ಬಕ್ಕ ಹೋರಾಡಿದ್ದೂ ಪೋರ್ಚುಗೀಸರೊಡನೆಯೇ. ಜಗಳವೂ ಇತ್ತು, ಕೊಡುಕೊಳ್ಳುವುದೂ ಇತ್ತು.

ಕೆಲಸ ಮುಗಿಸಿ ಹೊರಡುವಾಗ ಆಕೆ “ಅತೆ ಅಮಾಞ” ಎನ್ನುತ್ತಿದ್ದರು, ನಾಳೆಯವರೆಗೆ ಎಂದು. ಹೋಗುತ್ತೇನೆ ಎನ್ನುವುದು ಅಶುಭವೆಂದು “ಬರ್ತೇನ್ರಿ” ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಮೂರು ತಿಂಗಳಲ್ಲಿ ಅವ್ವ ಕೋಲಿಲ್ಲದೆ ಅಂಗಳಕ್ಕೆ ಇಳಿದಳು. ಅವಳ ಪೋರ್ಚುಗೀಸ್ ಈ ಹತ್ತು ಮಾತು ದಾಟಲಿಲ್ಲ, ದಾಟಬೇಕಾಗಿಯೂ ಇರಲಿಲ್ಲ.

ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಮೊದಲ ದಿನ ಕಲಿಸುವುದೂ ಇದನ್ನೇ: “ನಮಸ್ಕಾರ, ನನ್ನ ಹೆಸರು...” ಈ ದೇಶದಲ್ಲಿ ನಮ್ಮ ಹೆಸರನ್ನು ಯಾರಾದರೂ ಮೊಟಕು ಮಾಡದೆ ಪೂರ್ತಿ ಹೇಳಿದರೆ ನಮಗೆಷ್ಟು ಹಿಗ್ಗು! ನಮ್ಮ ಮನೆ ಗುಡಿಸುವವರು, ಆಫೀಸಿನಲ್ಲಿ ಕಸದ ಬುಟ್ಟಿ ಖಾಲಿ ಮಾಡುವವರು, ಹಿಮ ತೆಗೆಯಲು ಬರುವವರು, ಅವರಿಗೂ ಹೆಸರಿದೆ, ಊರಿದೆ, ಬಿಟ್ಟು ಬಂದ ಭಾಷೆಯಿದೆ. ನಾಳೆ ಅವರು ಎದುರಾದಾಗ ಅವರ ಭಾಷೆಯಲ್ಲಿ ಒಂದು ನಮಸ್ಕಾರ ಹೇಳಿ ನೋಡಿ. ಬ್ರೆಜಿಲಿನವರಾದರೆ “ತೂದು ಬೇಂ?” ಸಾಕು.

ಎಲ್ಲಾ ಆರಾಮ ಇರ್ರಿ!