ಬಾಡಿಗೆ ಮನೆಯ ಕರೆಂಟ್ ಬಿಲ್

ಬಾಡಿಗೆಗೆ ಮನೆ ನೋಡಲು ಹೋದಾಗ ನೀವು ಏನೇನು ವಿಚಾರಿಸುತ್ತೀರಿ? ಬೇಸಿಗೆಯಲ್ಲೂ ಬಾವಿಯಲ್ಲಿ ನೀರಿರುತ್ತದೆಯೇ, ಶಾಲೆ ಹತ್ತಿರವೇ, ನೆರೆಹೊರೆ ಹೇಗೆ ಎಂದೆಲ್ಲ ಕೇಳುತ್ತೀರಿ. ಕರೆಂಟ್ ಮೀಟರ್ ಎಷ್ಟು ಮನೆಗಳಿಗೆ ಒಂದು ಎಂದು ಕೇಳುವವರು ಕಡಿಮೆ. ಒಂದೇ ಅಂಗಳದಲ್ಲಿ ಬಾಳುವವರ ನಡುವೆ ಮನಸ್ತಾಪ ಹುಟ್ಟುವುದು ಎಷ್ಟೋ ಸಲ ಅಲ್ಲಿಂದಲೇ.

ನಾವು ಹಿಂದೆ ವಾಸವಿದ್ದ ಕಡೆ ಮೂರು ಮನೆಗಳಿಗೆ ಒಂದೇ ಮೀಟರ್. ಬಿಲ್ ಬಂದರೆ ಮೂರು ಸಮಪಾಲು. ಒಂದು ಮನೆಯಲ್ಲಿ ಆರು ಜನ. ಗೀಸರ್, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲವೂ ಇತ್ತು. ಇನ್ನೊಂದರಲ್ಲಿ ವಿಧವೆ ಅಜ್ಜಿಯೊಬ್ಬರೇ. ಒಂದು ಫ್ಯಾನು, ಎರಡು ಬಲ್ಬು. ಸೆಕೆಯ ಮಧ್ಯಾಹ್ನವೂ ಅವರು ಫ್ಯಾನ್ ಆರಿಸಿ ಬಾಗಿಲ ಬಳಿ ಕೂತಿರುತ್ತಿದ್ದರು. ಆದರೆ ಅವರ ಪಾಲು ಮಾತ್ರ ಇಳಿಯುತ್ತಿರಲಿಲ್ಲ. "ಕೇಳಿದರೆ ಅವರಿಗೆ ಬೇಜಾರಾಗುತ್ತದೆ ಟೀಚರ್, ಬಿಡಿ" ಎನ್ನುತ್ತಿದ್ದರು.

ಕೊನೆಗೆ ಮೂರು ಮನೆಯ ಹೆಂಗಸರೂ ಕೂತು ಮಾತನಾಡಿದೆವು. ಮನೆಯ ಮಾಲೀಕರು ಒಪ್ಪಿ ಪ್ರತಿ ಮನೆಗೂ ಸಬ್ ಮೀಟರ್ ಹಾಕಿಸಿದರು. ಆ ಲೆಕ್ಕ ಹೇಗೆಂದು ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ. ಬಿಲ್ 1,500 ರೂಪಾಯಿ ಎನ್ನಿ. ಅದರಲ್ಲಿ ನಿಗದಿತ ಶುಲ್ಕ ಮತ್ತು ಎಲ್ಲರಿಗೂ ಸೇರಿದ ನೀರಿನ ಮೋಟಾರಿನ ಖರ್ಚು 300. ಅದನ್ನು ಸಮನಾಗಿ ಹಂಚಿದರೆ ತಲಾ 100. ಉಳಿದ 1,200 ರೂಪಾಯಿಯನ್ನು ಮೂರು ಮನೆಗಳು ಸುಟ್ಟ 20, 70 ಮತ್ತು 110 ಯೂನಿಟ್‌ಗಳ ಪ್ರಕಾರ ಹಂಚಬೇಕು. ಆಗ 500 ಕೊಡುತ್ತಿದ್ದ ಅಜ್ಜಿ ಕೊಡಬೇಕಾದದ್ದು 220 ಮಾತ್ರ. ಉಳಿದ 280 ರೂಪಾಯಿ ಅವರ ಔಷಧಿಯ ಹಣ.

ಪ್ರತ್ಯೇಕ ಮೀಟರ್ ಇದ್ದರೂ ಒಮ್ಮೆ ಪರೀಕ್ಷಿಸಿ. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆಯಿರಿ. ಆಮೇಲೂ ಮೀಟರಿನ ಪುಟ್ಟ ಕೆಂಪು ದೀಪ ಮಿನುಗುತ್ತಲೇ ಇದ್ದರೆ, ಮೆಟ್ಟಿಲಿನ ಲೈಟೋ ಮೋಟಾರೋ ನಿಮ್ಮ ಲೆಕ್ಕಕ್ಕೆ ಸೇರಿರಬಹುದು. ಒಂದು ಎಚ್‌ಪಿ ಮೋಟಾರ್ ಗಂಟೆಗೆ ಸುಮಾರು ಮುಕ್ಕಾಲು ಯೂನಿಟ್ ಎಳೆಯುತ್ತದೆ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್.

2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೂರು ಸಂಸಾರ ಒಂದೇ ಮೀಟರಿನಲ್ಲಿದ್ದರೆ ಆ ಮಿತಿ ದಾಟುವುದು ಸುಲಭ. ಮಿತವಾಗಿ ಬಳಸಿದವರಿಗೂ ಪ್ರಯೋಜನ ಸಿಗದು. ಹಾಗಾಗಿ ಮನೆಗೊಂದು ಪ್ರತ್ಯೇಕ ಸಂಪರ್ಕವಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಮನೆ ಬದಲಾಯಿಸುವಾಗ ಹಳೆಯ ಆರ್.ಆರ್. ನಂಬರಿನಿಂದ ನಿಮ್ಮ ಆಧಾರ್ ಜೋಡಣೆಯನ್ನು ತೆಗೆಸಲು ಮರೆಯಬೇಡಿ.

ಮನೆ ಬಾಡಿಗೆಗೆ ಕೊಟ್ಟಿರುವ ಸಹೋದರಿಯರಿಗೂ ಒಂದು ಮಾತು. ಬಿಲ್ಲಿನ ಕಾಗದವನ್ನೇ ಬಾಡಿಗೆದಾರರ ಕೈಗೆ ಕೊಡಿ. ಬಿಲ್ಲಿಗಿಂತ ಯೂನಿಟ್ಟಿಗೆ ಎರಡು ರೂಪಾಯಿ ಹೆಚ್ಚು ಪಡೆಯುವುದು ಅಳತೆಯಲ್ಲಿ ಕಡಿತ ಮಾಡಿದಂತೆಯೇ. ಮದ್ರಸದಲ್ಲಿ ಮಕ್ಕಳಿಗೆ ಅಳತೆ-ತೂಕದ ಪಾಠ ಹೇಳುವಾಗ ನಾನೀಗ ತಕ್ಕಡಿಯ ಜೊತೆ ಮೀಟರನ್ನೂ ಹೆಸರಿಸುತ್ತೇನೆ.

ಬೀಗದ ಕೈ ಕೊಡುವ ದಿನ ಇಬ್ಬರೂ ಮೀಟರಿನ ಮುಂದೆ ನಿಂತು ಅಂಕಿ ಬರೆದುಕೊಳ್ಳಿ. ಮನೆ ಖಾಲಿ ಮಾಡುವ ದಿನವೂ ಹಾಗೆಯೇ ಮಾಡಿ. ಎರಡು ನಿಮಿಷದ ಈ ಕೆಲಸ ಮಾಡಿದರೆ, ಮುಂಗಡದ ಹಣ ವಾಪಸು ಪಡೆಯುವಾಗ ಯಾರ ದನಿಯೂ ಏರಬೇಕಾಗಿಲ್ಲ.